ಕಪ್ಪು ಪರದೆಯ ಚೆಕ್‌ರೋಲು

ನಮ್ಮ ಕಡೆ ಇಬ್ಬರು ಬೆಳೆಗಾರರು ಎದುರಾದರೆ ಮನೆಮಂದಿಯ ಕ್ಷೇಮ ಆಮೇಲೆ, ಮಳೆ ಮೊದಲು. ‘ನಿಮ್ಮಲ್ಲಿ ಎಷ್ಟು ಸೆಂಟ್ಸ್ ಆಯ್ತು?’ ಎನ್ನುವುದೇ ನಮಸ್ಕಾರ. ಇಂಚಿಗೆ 100 ಸೆಂಟ್ಸ್. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟು ಕಾಲವಾಯಿತೋ, ಮೂಡಿಗೆರೆಯ ಮಳೆ ಮಾತ್ರ ಇನ್ನೂ ಇಂಚು, ಸೆಂಟ್ಸಿನಲ್ಲೇ ಬೀಳುತ್ತದೆ. ರೋಬಸ್ಟಾ ಮೊಗ್ಗು ಕಟ್ಟಿ ಹೂಮಳೆಗೆ ಬಾಯಿ ಬಿಡುವ ಫೆಬ್ರವರಿ, ಮಾರ್ಚಿನಲ್ಲಂತೂ ಪಕ್ಕದ ತೋಟಕ್ಕೆ ಬಿದ್ದ ಮಳೆ ನಮ್ಮ ಬೇಲಿ ದಾಟಲಿಲ್ಲವೆಂದರೆ ಆ ರಾತ್ರಿ ನಿದ್ದೆ ಹತ್ತುವುದಿಲ್ಲ. ಮಳೆಯ ನಂತರ ರೇಟು. ರೇಟಿನ ನಂತರ ಆನೆ ಈಗ ಯಾರ ತೋಟದಲ್ಲಿದೆ ಎಂಬ ವಿಚಾರ. ಈ ಮೂರು ಮುಗಿದವೆಂದರೆ ಲೋಟ ಕೆಳಗಿಟ್ಟು ಏಳಬಹುದು ಅಂತ ಅರ್ಥ. ಈಚೆಗೆ ಈ ಸಾಲಿಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಸರ್ವರ್.

ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಕಾಯುವ ಅಜ್ಜಿಯಿಂದ ಹಿಡಿದು ಪಹಣಿಗೆ ಸಾಲು ನಿಂತ ಸಾಹುಕಾರರ ತನಕ ಎಲ್ಲರಿಗೂ ಆ ಹೆಸರು ಗೊತ್ತು. ಕಣ್ಣಾರೆ ಕಂಡವರು ಯಾರೂ ಇಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದರೆ ಮುಗಿಯಿತು. ಗುಮಾಸ್ತರು ಇಲ್ಲ ಎಂದಿದ್ದರೆ ಎಲ್ಲಿಗೆ ಹೋದರು, ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದೆವು. ಸರ್ವರ್ ಇಲ್ಲ ಎಂದರೆ ಮಾತ್ರ ಯಾರೂ ಏನೂ ಕೇಳದೆ ಛತ್ರಿ ಬಿಚ್ಚಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತೇವೆ.

ಆ ಮಹಾನುಭಾವನ ದರ್ಶನ ನನಗಾದದ್ದು ನಮ್ಮಣ್ಣನ ಮಗನ ದೆಸೆಯಿಂದ. ಬೆಂಗಳೂರಿನ ಕಂಪನಿಯ ಕೆಲಸದಲ್ಲಿದ್ದ ಹುಡುಗ 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ಇಲ್ಲೇ ಉಳಿದ. ‘ಏನಪ್ಪಾ ನಿನ್ನ ಕೆಲಸ?’ ಎಂದರೆ, ‘ಮೊಬೈಲ್ ಆಪ್‌ಗಳನ್ನು ನೋಡ್ಕೊಳ್ಳೋದು ಚಿಕ್ಕಪ್ಪ’ ಅನ್ನುತ್ತಿದ್ದ. ಹಾಗಿದ್ದರೆ ಮೊಬೈಲ್ ಹಿಡಿದು ಕೂತಿರುತ್ತಾನೆ ಎಂದುಕೊಂಡರೆ ಅವನ ಲ್ಯಾಪ್‌ಟಾಪಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತಲಿಕ್ಕೆ ಒಂದು ಗುಂಡಿಯೂ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಮಿಣಕ್ ಮಿಣಕ್ ಎನ್ನುವ ಒಂದು ಗೀಟು. ಅದರಲ್ಲಿ ಎರಡಕ್ಷರ, ಮೂರಕ್ಷರ ಟೈಪು ಮಾಡಿ ಎಂಟರ್ ಒತ್ತುತ್ತಾನೆ, ನಾಲ್ಕು ಸಾಲು ಉತ್ತರ ಬರುತ್ತದೆ. ಇದಕ್ಕೆ ಕಮಾಂಡ್ ಲೈನ್ ಎನ್ನುತ್ತಾರಂತೆ. ಆಪ್ ಎಂದರೆ ನಮ್ಮ ಅಂಗೈಯಲ್ಲಿ ಕಾಣುವ ಬಣ್ಣದ ಚೌಕ ಎಂದು ನಾವು ತಿಳಿದಿದ್ದೇವೆ. ಅದು ಬರೀ ಮುಖ. ಹೊಟ್ಟೆ, ತಲೆ, ನೆನಪು ಎಲ್ಲ ಇರುವುದು ಎಲ್ಲೋ ದೂರದ ಸರ್ವರಿನಲ್ಲಿ. ಆ ಸರ್ವರಿನ ಜೊತೆ ಮಾತಾಡುವುದು ಈ ಕಪ್ಪು ಪರದೆಯಲ್ಲಿ.

ಇಂಥ ಹುಡುಗ ಮನೆಯಲ್ಲಿದ್ದ ಮೇಲೆ ನಮ್ಮ ತೋಟದ ಚೆಕ್‌ರೋಲಿಗೂ ಆಪ್ ಬಾರದೆ ಇರುತ್ತದೆಯೇ? ಚೆಕ್‌ರೋಲ್ ಪುಸ್ತಕಕ್ಕೆ ಎಸ್ಟೇಟಿನಲ್ಲಿರುವ ಮರ್ಯಾದೆ ಹೊರಗಿನವರಿಗೆ ತಿಳಿಯುವುದಿಲ್ಲ. ಬೈಂಡು ಹಾಕಿದ ಉದ್ದನೆಯ ಪುಸ್ತಕ, ಎಡಕ್ಕೆ ಆಳುಗಳ ಹೆಸರು, ಬಲಕ್ಕೆ ತಿಂಗಳ ದಿನಗಳ ಮನೆಗಳು. ಬಂದವರಿಗೆ ಒಂದು ಗುರುತು, ಅರ್ಧ ದಿನಕ್ಕೆ ಇನ್ನೊಂದು. ಬಟವಾಡೆಯ ದಿನ ಅದರಲ್ಲಿ ಬರೆದದ್ದೇ ವೇದ. ಬರೆಯುವ ಅಧಿಕಾರ ರೈಟರದು. ನಮ್ಮ ರೈಟರು ನಮ್ಮಪ್ಪನ ಕಾಲದಿಂದ ಇರುವವರು. ಅವರ ಕಿವಿಯ ಮೇಲಿನ ಪೆನ್ಸಿಲ್ ಇಳಿದದ್ದು ಊಟಕ್ಕೆ ಮತ್ತು ಮಲಗುವಾಗ ಮಾತ್ರ.

ಕುಯ್ಲಿನ ಕಾಲದಲ್ಲಿ ಲೆಕ್ಕ ಬೇರೆ. ಆಗ ಕೂಲಿ ಕೆಜಿಯ ಮೇಲೆ. ಸಂಜೆ ಕಣದ ಪಕ್ಕ ತೂಕದ ಯಂತ್ರ ಇಟ್ಟರೆ ಚೀಲ ಹೊತ್ತವರ ಸಾಲು. ಸ್ಥಳೀಯರು, ಬಯಲುಸೀಮೆಯವರು, ಈಗ ಲೈನ್ ಮನೆಗಳಲ್ಲಿ ಅಸ್ಸಾಮಿನವರು. ಪ್ರತಿಯೊಬ್ಬರ ಕಣ್ಣೂ ತೂಕದ ಮುಳ್ಳಿನ ಮೇಲೆ, ಆಮೇಲೆ ರೈಟರ ಪೆನ್ಸಿಲಿನ ಮೇಲೆ. ಈಗ ಪೆನ್ಸಿಲಿನ ಜಾಗಕ್ಕೆ ಮೊಬೈಲ್ ಬಂದಿದೆ. ಹೆಸರು ಒತ್ತಿ, ಕೆಜಿ ಹಾಕಿದರೆ ಲೆಕ್ಕ ಮುಂಬಯಿಯಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಮೊಬೈಲಿನಲ್ಲೇ ಕಾದಿದ್ದು, ಸಿಕ್ಕಾಗ ಹೋಗುತ್ತದೆ. ಅಕ್ಕಪಕ್ಕದ ಕೆಲವು ತೋಟದವರೂ ಅದನ್ನೇ ಹಾಕಿಸಿಕೊಂಡರು.

ಒಂದು ಜನವರಿ ಸಂಜೆ, ಸಾಲು ಇನ್ನೂ ಅರ್ಧ ಮುಗಿದಿಲ್ಲ, ರೈಟರು ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದು, ‘ಸರ್ವರ್ ಇಲ್ಲ ಅಣ್ಣಾ!’ ಎಂದು ಕೂಗಿದರು. ರೇಷನ್ ಅಂಗಡಿಯಲ್ಲಿ ಕೇಳುತ್ತಿದ್ದ ಮಾತನ್ನು ನಮ್ಮ ಕಣದಲ್ಲೇ ಹೇಳುವ ಯೋಗ ಬಂತಲ್ಲ ಎಂಬ ಸಂತೋಷವೂ ಆ ಕೂಗಿನಲ್ಲಿತ್ತು. ಕಣದ ಮೂಲೆಯ ಕಟ್ಟೆಯ ಮೇಲೆ ಮಾತ್ರ ನೆಟ್‌ವರ್ಕಿನ ಒಂದು ಕಡ್ಡಿ ಸಿಗುತ್ತದೆ. ಹುಡುಗ ಅಲ್ಲಿ ಕೂತ. ನಾನು ಹಿಂದೆ ನಿಂತೆ.

ಮೊದಲು ಎಸ್‌ಎಸ್‌ಎಚ್ ಎಂದು ಹೊಡೆದು ಸರ್ವರಿನ ಒಳಗೆ ಹೋದ. ಆಮೇಲೆ ಡಿಎಫ್ ಎಂದು ಎರಡೇ ಅಕ್ಷರ. ಡಿಸ್ಕಿನಲ್ಲಿ ಎಷ್ಟು ಜಾಗ ತುಂಬಿದೆ ಎಂದು ಹೇಳುವ ಆಜ್ಞೆ ಅದು. ಉತ್ತರದಲ್ಲಿ ಒಂದು ಕಡೆ 100% ಎಂದಿತ್ತು. ‘ಸಿಕ್ತು’ ಎಂದ. ಸರ್ವರ್ ಸತ್ತಿರಲಿಲ್ಲ, ಬರೆದುಕೊಳ್ಳಲು ಅದಕ್ಕೆ ಜಾಗವೇ ಇರಲಿಲ್ಲ. ತುಂಬಿದ್ದು ಯಾವುದು ಎಂದು ಡಿಯು ಹೊಡೆದು ಹುಡುಕಿದರೆ ಲಾಗ್ ಫೈಲು. ನಡೆದದ್ದೆಲ್ಲವನ್ನೂ ಆಪ್ ಸಾಲು ಸಾಲಾಗಿ ಬರೆದಿಡುವ ದಿನಚರಿ ಅದು. ನೆಟ್‌ವರ್ಕ್ ಬಂದು ಹೋಗಿ ಮಾಡುವ ನಮ್ಮ ಗುಡ್ಡದಲ್ಲಿ ಪ್ರತಿ ಮೊಬೈಲೂ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ, ತಟ್ಟಿದಾಗಲೆಲ್ಲ ಅಲ್ಲೊಂದು ಸಾಲು. ಬೆಂಗಳೂರಿನಲ್ಲಿ ವರ್ಷವಾದರೂ ತುಂಬದ ಪುಸ್ತಕ ನಮ್ಮಲ್ಲಿ ಒಂದೇ ಕುಯ್ಲಿಗೆ ತುಂಬಿತ್ತು.

‘ಅಳಿಸಿ ಬಿಸಾಕು ಮಾರಾಯ, ಜನ ಕಾಯ್ತಿದಾರೆ’ ಎಂದೆ. ‘ಅಳಿಸಿದ್ರೆ ಜಾಗ ಖಾಲಿ ಆಗಲ್ಲ ಚಿಕ್ಕಪ್ಪ’ ಎಂದ. ಓಡುತ್ತಿರುವ ಪ್ರೋಗ್ರಾಮೊಂದು ಫೈಲನ್ನು ಹಿಡಿದುಕೊಂಡಿದ್ದರೆ, ಅಳಿಸಿದ ಮೇಲೂ ಅದು ಕೈಬಿಡುವ ತನಕ ಡಿಸ್ಕಿನ ಜಾಗ ಹಾಗೇ ಇರುತ್ತದಂತೆ. ಹೆಸರು ಹೋಗುತ್ತದೆ, ಭಾರ ಹೋಗುವುದಿಲ್ಲ. ಎಷ್ಟೋ ಜನ ಅಳಿಸಿದೆವಲ್ಲಾ ಎಂದುಕೊಂಡು ತಲೆ ಕೆರೆದುಕೊಳ್ಳುವುದು ಇಲ್ಲೇ ಅಂತೆ. ಅವನು ಫೈಲನ್ನು ಇಟ್ಟುಕೊಂಡೇ ಒಳಗಿನದನ್ನು ಬರಿದು ಮಾಡಿ, ಆಪಿನ ಸೇವೆಯನ್ನು ರೀಸ್ಟಾರ್ಟ್ ಮಾಡಿದ. ಆಮೇಲೆ ಟೇಲ್ ಎಂದು ಹೊಡೆದು ಸುಮ್ಮನೆ ಕೂತ. ಲಾಗಿನ ಬಾಲವನ್ನು, ಎಂದರೆ ಈಗಷ್ಟೇ ಬರೆದ ಸಾಲುಗಳನ್ನು, ಬಂದ ಹಾಗೆ ತೋರಿಸುವ ಆಜ್ಞೆ ಅದು. ಒಂದು ಕ್ಷಣ ಏನಿಲ್ಲ. ಆಮೇಲೆ ಪುತುಪುತು ಸಾಲುಗಳು. ಒಬ್ಬಳ 62 ಕೆಜಿ, ಒಬ್ಬನ 48. ರೈಟರ ಮೊಬೈಲಿನಲ್ಲಿ ಕಾದಿದ್ದೆಲ್ಲ ಒಂದರ ಹಿಂದೆ ಒಂದು ಇಳಿಯಿತು. ಲಾಗ್ ಇನ್ನು ಮೇಲೆ ತಾನಾಗಿ ಕತ್ತರಿಸಿಕೊಳ್ಳಲಿ ಎಂದು ಲಾಗ್‌ರೊಟೇಟ್ ಎಂಬುದಕ್ಕೂ ನಾಲ್ಕು ಸಾಲು ಬರೆದಿಟ್ಟ.

ನನಗೆ ಹಿಡಿಸಿದ್ದು ಇದರ ಮಿತವ್ಯಯ. ಇಷ್ಟೆಲ್ಲ ಚಿಕಿತ್ಸೆಗೆ ಹೋಗಿ ಬಂದ ಮಾಹಿತಿ, ನಮ್ಮ ಬೀಗರು ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸುವ ಒಂದು ಶುಭೋದಯದ ಗುಲಾಬಿ ಹೂವಿಗಿಂತ ಕಡಿಮೆ. ಇದೇ ಕೆಲಸಕ್ಕೆ ಚಿತ್ರ, ಗ್ರಾಫು, ಬಣ್ಣ ತುಂಬಿದ ಪುಟಗಳೂ ಇವೆಯಂತೆ. ಅವು ನಮ್ಮ ಕಣದ ಕಟ್ಟೆಯ ಮೇಲೆ ಅರ್ಧ ತೆರೆದು ಚಕ್ರ ತಿರುಗಿಸುತ್ತ ನಿಲ್ಲುತ್ತವೆ.

ಕಪ್ಪು ಪರದೆಯ ಮಾತು ಏಕೆ ಇಷ್ಟು ಚುಟುಕು ಎಂದು ಕೇಳಿದರೆ ಅದರ ಹಿಂದೆಯೂ ಒಂದು ಬಡತನದ ಕಥೆ ಇದೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಎಂಬಿಬ್ಬರು ಇಂಥ ಆಜ್ಞೆಗಳ ತವರಾದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಲು ಕೂತಾಗ ಅವರ ಎದುರಿಗಿದ್ದದ್ದು ಪರದೆಯಲ್ಲ, ಟೆಲಿಟೈಪ್. ಕಾಗದದ ಸುರುಳಿಯ ಮೇಲೆ ಕಟಕಟ ಎಂದು ಸೆಕೆಂಡಿಗೆ 10 ಅಕ್ಷರ ಹೊಡೆಯುವ ಯಂತ್ರ. ಕೀಲಿಗಳನ್ನು ಗುದ್ದಿಯೇ ಒತ್ತಬೇಕು. ಅಂಥದ್ದರ ಮುಂದೆ ಕೂತವನು ಉದ್ದನೆಯ ಪದ ಬರೆಯುತ್ತಾನೆಯೇ? ನಕಲಿಗೆ ಸಿಪಿ, ಸಾಗಿಸಲು ಎಂವಿ, ಪಟ್ಟಿಗೆ ಎಲ್‌ಎಸ್, ಅಳಿಸಲು ಆರ್‌ಎಂ. ಎಲ್ಲ ಎರಡೆರಡೇ ಅಕ್ಷರ. ಉತ್ತರವೂ ಮೊಟಕು. ಕೆಲಸ ಸರಿಯಾಗಿ ಆಗಿದ್ದರೆ ಏನೂ ಹೇಳುವುದೇ ಇಲ್ಲ, ತಪ್ಪಾದರೆ ಮಾತ್ರ ಬಾಯಿ ಬಿಡುತ್ತದೆ. ಇಂಥ ಒಬ್ಬ ಆಳು ಸಿಕ್ಕಿದರೆ ತೋಟದಲ್ಲಿ ಬೇರೇನು ಬೇಕು ಎಂದು ರೈಟರು ಒಮ್ಮೆ ನಿಟ್ಟುಸಿರು ಬಿಟ್ಟರು. ಆ ಯಂತ್ರ ಮ್ಯೂಸಿಯಂ ಸೇರಿ ಎಷ್ಟೋ ಕಾಲವಾಯಿತು. ಅದರ ನಿಧಾನಕ್ಕೆ ಹೊಂದಿಕೊಂಡು ಹುಟ್ಟಿದ ಭಾಷೆ ಮಾತ್ರ ಇವತ್ತು ಕಳಸದ ಅರ್ಧ ಕಡ್ಡಿ ನೆಟ್‌ವರ್ಕಿಗೆ ಹೇಳಿ ಮಾಡಿಸಿದಂತಿದೆ.

ಹುಡುಗ ಸರ್ವರಿನೊಳಗೆ ಹೋಗುವ ದಾರಿಯ ಕಥೆಯೂ ಚೆನ್ನಾಗಿದೆ. ಮೊದಲು ಟೆಲ್‌ನೆಟ್ ಎಂಬುದಿತ್ತು, ಅದರಲ್ಲಿ ಪಾಸ್‌ವರ್ಡ್ ಬತ್ತಲೆಯಾಗಿ ತಂತಿಯ ಮೇಲೆ ಹೋಗುತ್ತಿತ್ತು. ನಡುವೆ ಕೂತವನು ಕದ್ದು ಓದಬಹುದು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹಾಗೆಯೇ ಕದ್ದರು. ಅಲ್ಲಿನ ಸಂಶೋಧಕ ತಾತು ಯುಲೊನೆನ್ ಸಿಟ್ಟಿಗೆದ್ದು ಎಲ್ಲವನ್ನೂ ಗುಪ್ತಲಿಪಿಯಲ್ಲಿ ಸಾಗಿಸುವ ಎಸ್‌ಎಸ್‌ಎಚ್ ಬರೆದ. ಸರ್ವರಿನಲ್ಲಿ ಒಂದೊಂದು ಸೇವೆಗೆ ಒಂದೊಂದು ನಂಬರಿನ ಬಾಗಿಲು. ಫೈಲು ಸಾಗಿಸುವ ಎಫ್‌ಟಿಪಿಗೆ 21ನೇ ಬಾಗಿಲು, ಟೆಲ್‌ನೆಟ್‌ಗೆ 23. ನಡುವಿನ 22 ಖಾಲಿ ಇದೆಯಲ್ಲ, ನನಗೆ ಕೊಡಿ ಎಂದು ಪತ್ರ ಬರೆದು ಕೇಳಿದನಂತೆ, ಕೊಟ್ಟರು. ನಮ್ಮಲ್ಲಿ ಸರ್ವೆ ನಂಬರ್ ಸರಿಪಡಿಸಿಕೊಳ್ಳಲು ಓಡಾಡಿದವರಿಗೆ ಈ ಭಾಗ ನಂಬುವುದು ಕಷ್ಟ.

ಒಳಗೆ ಹೋದ ಮೇಲೆ ನೆಟ್‌ವರ್ಕ್ ಕಡಿದರೆ? ಮಲೆನಾಡಿನವರ ಮೊದಲ ಪ್ರಶ್ನೆ ಅದೇ. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗುವುದು ಕಳಸ, ಹೊರನಾಡಿನವರಿಗೆ ಪ್ರತಿ ಮಳೆಗಾಲದ ಸುದ್ದಿ. ನೀರು ಇಳಿಯುವ ತನಕ ಆಚೆಯವರು ಆಚೆ, ಈಚೆಯವರು ಈಚೆ. ನೆಟ್‌ವರ್ಕ್ ಅದಕ್ಕಿಂತ ಹೆಚ್ಚು ಸಲ ಮುಳುಗುತ್ತದೆ. ಇದಕ್ಕೆ ಟಿಮಕ್ಸ್ ಎಂಬ ಉಪಾಯವಿದೆ. ಕೆಲಸವನ್ನು ನಮ್ಮ ಲ್ಯಾಪ್‌ಟಾಪಿನಲ್ಲಿ ಅಲ್ಲ, ಸರ್ವರಿನ ಒಳಗೇ ಹಚ್ಚಿಟ್ಟು ಬರುವುದು. ಕೊಟ್ಟಿಗೆಹಾರದಲ್ಲಿ ಹಚ್ಚಿಟ್ಟು ಚಾರ್ಮಾಡಿ ಘಾಟಿ ಇಳಿಯಲು ಶುರುಮಾಡಿದರೆ ಮೊದಲ ತಿರುವಿನಲ್ಲೇ ಸಂಪರ್ಕ ಹೋಗುತ್ತದೆ, ಕೆಲಸ ನಿಲ್ಲುವುದಿಲ್ಲ. ಉಜಿರೆಯಲ್ಲಿ ಮತ್ತೆ ಒಳಗೆ ಹೋಗಿ ನೋಡಿದರೆ ಪರದೆ ಬಿಟ್ಟಲ್ಲೇ ಇರುತ್ತದೆ, ಕೆಲಸ ಮುಗಿದಿರುತ್ತದೆ. ಇನ್ನೊಂದು ಮಾಶ್ ಅಂತೆ. 2012ರಲ್ಲಿ ಎಂಐಟಿಯ ಕೀತ್ ವಿನ್‌ಸ್ಟೀನ್, ಹರಿ ಬಾಲಕೃಷ್ಣನ್ ಮಾಡಿದ್ದು. ನೆಟ್‌ವರ್ಕ್ ಹೋಗಿ ಬಂದರೂ, ವೈಫೈ ಬಿಟ್ಟು ಸಿಮ್ಮಿಗೆ ಹಾರಿದರೂ ಅದು ಕೈಬಿಡುವುದಿಲ್ಲ. ಒತ್ತಿದ ಅಕ್ಷರಕ್ಕೆ ಸರ್ವರಿನ ಉತ್ತರ ಬರುವ ಮೊದಲೇ ಇದೇ ಇರಬೇಕೆಂದು ಊಹಿಸಿ ತೋರಿಸಿಬಿಡುತ್ತದೆ. ಅಮೆರಿಕದಲ್ಲಿ ಕೂತು ಇದನ್ನು ಮಾಡಿದವರು ನಮ್ಮ ಘಾಟಿಯ ಬಸ್ಸನ್ನು ಯಾವಾಗ ಹತ್ತಿದ್ದರೋ!

ಇಷ್ಟು ಹೊಗಳಿದ ಮೇಲೆ ಇದರ ಕೇಡನ್ನೂ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ತೋಟದಲ್ಲಿ ಮರಗಸಿ. ಮಳೆಗಾಲಕ್ಕೆ ಮುಂಚೆ ನೆರಳು ಕಡಿಮೆ ಮಾಡಲು ಮರ ಹತ್ತಿ ಕೊಂಬೆ ಸವರುವ ಕೆಲಸ. ಹೊಸ ಆಳಿಗೆ ‘ಆ ಮರ ತೆಗಿ’ ಎಂದು ಹೇಳಿ ಬಂದರೆ ಸಂಜೆ ಹೊತ್ತಿಗೆ ಸಿಲ್ವರ್ ಮರ ಬುಡಸಮೇತ ಮಲಗಿರುತ್ತದೆ. ಯಾವ ಕೊಂಬೆ, ಎಷ್ಟು ಎಂದು ಬೆರಳು ತೋರಿಸಿಯೇ ಹೇಳಬೇಕು. ಕಪ್ಪು ಪರದೆಯೂ ಅಂಥದ್ದೇ ಆಳು. ಆರ್‌ಎಂ ಎಂದು ಬರೆದು ಜಾಗ ತಪ್ಪಿ ಒಂದು ನಕ್ಷತ್ರದ ಗುರುತು ಹಾಕಿದರೆ ‘ಖಂಡಿತವೇ?’ ಎಂದು ಕೇಳದೆ ಎಲ್ಲವನ್ನೂ ಸವರಿಬಿಡುತ್ತದೆ. ಕಸದ ಬುಟ್ಟಿ ಗಿಸದ ಬುಟ್ಟಿ ಇಲ್ಲ.

1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ಇದೇ ಆಜ್ಞೆಯನ್ನು ತಪ್ಪು ಜಾಗದಲ್ಲಿ ಹೊಡೆದರು. ಬೊಂಬೆಗಳು ಒಂದೊಂದಾಗಿ ಕಣ್ಣೆದುರೇ ಮಾಯವಾದವು. ಚಿತ್ರದ ಸುಮಾರು 90% ಹೋಯಿತು. ಬ್ಯಾಕಪ್ ಇದೆಯಲ್ಲ ಎಂದು ತೆಗೆದು ನೋಡಿದರೆ ಅದೂ ಕೆಟ್ಟಿತ್ತು. ಕೊನೆಗೆ ಉಳಿಸಿದವರು ಗ್ಯಾಲಿನ್ ಸಸ್ಮನ್ ಎಂಬ ತಂತ್ರಜ್ಞೆ. ಹಸುಗೂಸಿನ ತಾಯಿಯಾಗಿದ್ದ ಆಕೆ ಮನೆಯಿಂದಲೇ ಕೆಲಸ ಮಾಡಲು ಚಿತ್ರದ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ, ಕಾರಿನಲ್ಲಿ ಹುಷಾರಾಗಿ ಸ್ಟುಡಿಯೋಕ್ಕೆ ತಂದರು. ತಮಾಷೆಯೆಂದರೆ ಅಷ್ಟು ಕಷ್ಟಪಟ್ಟು ಉಳಿಸಿದ ಆ ಚಿತ್ರದ ಕಥೆ ಇಷ್ಟವಾಗದೆ ಆಮೇಲೆ ಬಹುಪಾಲು ಹೊಸದಾಗಿಯೇ ಮಾಡಿದರು.

ಈ ಕಥೆಯನ್ನು ಹುಡುಗ ಹೇಳಿದಾಗ ರೈಟರು ಏನೂ ಹೇಳದೆ ಎದ್ದು ಹೋಗಿ ಒಂದು ಪುಸ್ತಕ ತಂದು ಮುಂದಿಟ್ಟರು. ಆಪ್ ಬಂದ ದಿನದಿಂದ ಅವರು ಪೆನ್ಸಿಲ್ ಲೆಕ್ಕವನ್ನೂ ಬಿಟ್ಟಿರಲಿಲ್ಲ. ಹುಡುಗ ಬೇಜಾರು ಮಾಡಿಕೊಳ್ಳುತ್ತಾನೆಂದು ನಾನು ಎಣಿಸಿದ್ದೆ. ಅವನು ಪುಟ ತಿರುಗಿಸಿ, ‘ಇದೇ ಬೇಕಾಗಿದ್ದು ರೈಟ್ರೇ, ನಿಲ್ಲಿಸಬೇಡಿ’ ಎಂದ. ಅಷ್ಟೇ ಅಲ್ಲ, ಬಟವಾಡೆಗೆ ಮುಂಚೆ ಸರ್ವರಿನ ಲೆಕ್ಕವನ್ನು ಪುಸ್ತಕದೊಂದಿಗೆ ತಾಳೆ ನೋಡುವ ಪದ್ಧತಿಯನ್ನೇ ಮಾಡಿದ. ಬ್ಯಾಕಪ್ ಇದೆ ಎನ್ನುವವನನ್ನು ನಂಬಬಾರದಂತೆ, ಬ್ಯಾಕಪ್ಪಿನಿಂದ ಒಮ್ಮೆ ತೆಗೆದು ನೋಡಿದ್ದೇನೆ ಎನ್ನುವವನನ್ನು ನಂಬಬೇಕಂತೆ.

ಪುಸ್ತಕದ ಹೆಸರುಗಳೆಲ್ಲ ಕನ್ನಡದಲ್ಲಿ, ಹಾಗಾಗಿ ಕನ್ನಡದ ವಿಚಾರ ಬಂತು. ಮೂಡಿಗೆರೆಯಲ್ಲಿ ಕಂಪ್ಯೂಟರ್ ಮತ್ತು ಕನ್ನಡ ಎಂದರೆ ಪೂರ್ಣಚಂದ್ರ ತೇಜಸ್ವಿಯವರ ನೆನಪಾಗದೆ ಇರದು. 2007ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ ಅವರು ಕಾದಂಬರಿಗಿಂತ ಹೆಚ್ಚಾಗಿ ತಲೆ ಕೆಡಿಸಿಕೊಂಡದ್ದು ಕನ್ನಡ ತಂತ್ರಾಂಶದ ಬಗ್ಗೆ ಎಂದರೂ ನಡೆದೀತು. ಅದರ ಮರ್ಮ ನನಗೆ ತಿಳಿದದ್ದು ನಮ್ಮ ಹಳೆಯ ಲೆಕ್ಕದ ಫೈಲುಗಳನ್ನು ಸರ್ವರಿಗೆ ಏರಿಸುವಾಗ. ಹಿಂದೆ ನುಡಿ ಫಾಂಟಿನಲ್ಲಿ ಹೊಡೆದಿಟ್ಟಿದ್ದ ಆಳುಗಳ ಹೆಸರೆಲ್ಲ ಅಲ್ಲಿ ಇಂಗ್ಲಿಷ್ ಅಕ್ಷರಗಳ ಗಂಜಿಯಾಗಿ ಕಂಡವು. ಯುನಿಕೋಡಿಗೆ ತಿರುಗಿಸಿದ ಮೇಲೆ ಮನುಷ್ಯರಾದರು. ಆದರೂ ಕಪ್ಪು ಪರದೆಯಲ್ಲಿ ಕನ್ನಡಕ್ಕೆ ಸುಖವಿಲ್ಲ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಮನೆ, ನಮ್ಮ ಒತ್ತಕ್ಷರಗಳು ಆ ಮನೆಯಲ್ಲಿ ಹಿಡಿಸದೆ ಕೈಕಾಲು ಮುರಿದುಕೊಳ್ಳುತ್ತವೆ. ಕಾಣಲು ಕುರೂಪ, ಹುಡುಕಿದರೆ ಮಾತ್ರ ಸರಿಯಾಗಿ ಸಿಗುತ್ತವೆ.

ಹಾಗೆ ಸಿಗುವಂತೆ ಮಾಡಿದ್ದು ಯುನಿಕೋಡನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಕಟ್ಟು. 1992ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತ ಕೆನ್ ಥಾಂಪ್ಸನ್, ರಾಬ್ ಪೈಕ್ ಅದನ್ನು ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಗೀಚಿದರು. ಅದೇ ಯುನಿಕ್ಸಿನ ಥಾಂಪ್ಸನ್. ಅದರ ಲೆಕ್ಕದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದು ಸಂಕೇತಕ್ಕೆ 3. ನಮ್ಮ ತೋಟದ ‘ಲಕ್ಷ್ಮಿ’ ಎಂದರೆ ಲ, ಕ, ಅರ್ಧಾಕ್ಷರದ ಗುರುತು, ಷ, ಮತ್ತೊಂದು ಗುರುತು, ಮ, ಗುಡಿಸು. ಒಟ್ಟು 7 ಸಂಕೇತ, 21 ಬೈಟ್. ಇಂಗ್ಲಿಷಿನಲ್ಲಿ ಬರೆದಿದ್ದರೆ ಏಳೇ ಸಾಕಿತ್ತು. ಹೆಸರೆಲ್ಲ ಇಂಗ್ಲಿಷಿನಲ್ಲಿಟ್ಟರೆ ಹಗುರಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಹುಡುಗ, ‘ಆಕೆ ಹೊತ್ತು ತಂದಿರೋದು 62 ಕೆಜಿ, ನಾನು 14 ಬೈಟ್ ಹೊರಲ್ವಾ?’ ಎಂದ.

ನನ್ನ ತಕರಾರು ಇರುವುದು ಇಲ್ಲಿ. ಹೆಸರು, ತಾರೀಖು, ಕೆಜಿ ಎಲ್ಲ ಸೇರಿದರೂ ಒಬ್ಬರ ದಿನದ ಲೆಕ್ಕ ನೂರು ಚಿಲ್ಲರೆ ಬೈಟ್. ಎಂಥ ಬಡಕಲು ನೆಟ್‌ವರ್ಕೂ ಅದನ್ನು ಹೊತ್ತೀತು. ಆದರೆ ನಮಗಾಗಿ ಮಾಡುವ ಆಪ್‌ಗಳು ಬರುವಾಗಲೇ ಮದುವೆ ದಿಬ್ಬಣದ ಸಡಗರದಲ್ಲಿ ಬರುತ್ತವೆ. ಜಾಹೀರಾತು, ಕುಣಿಯುವ ಚಿತ್ರ, ನಾಲ್ಕು ಎಂಬಿ ಫೋಟೋ ಕೊಡದೆ ಮುಂದೆ ಹೋಗುವುದಿಲ್ಲ ಎಂಬ ಹಟ. ಒಳ್ಳೆಯ ಉದಾಹರಣೆಗಳೂ ಇಲ್ಲದಿಲ್ಲ. ಕಾಫಿ ಬೋರ್ಡು 2018ರಲ್ಲಿ ‘ಕಾಫಿ ಕನೆಕ್ಟ್’ ಎಂಬ ಆಪಿನ ಜೊತೆಗೆ ‘ಕಾಫಿ ಕೃಷಿ ತರಂಗ’ವನ್ನು ಆರಂಭಿಸಿತು. ಎರಡನೆಯದರಲ್ಲಿ ಬೆಳೆಗಾರನಿಗೆ ಸಲಹೆ ಬರುವುದು ಫೋನಿನ ದನಿಯಲ್ಲಿ, ಗುಂಡಿ ಒತ್ತುವ ಹಳೆಯ ಸೆಟ್ಟಿದ್ದರೂ ಆಯಿತು. 2020ರಲ್ಲಿ ರಾಜ್ಯ ಸರ್ಕಾರ ಬೆಳೆ ಸಮೀಕ್ಷೆಯನ್ನು ರೈತರ ಮೊಬೈಲಿಗೇ ಕೊಟ್ಟಾಗ ಹೊಲದ ನಡುವೆ ನಿಂತು ಫೋಟೋ ಹಿಡಿಯುವ ಅಜ್ಜಂದಿರನ್ನು ಊರೂರಲ್ಲಿ ಕಂಡೆವು. ಕಲಿಯಲು ನಮ್ಮವರು ಹಿಂಜರಿಯುವುದಿಲ್ಲ. ಆಪ್ ಮಾಡುವವರು ಜುಲೈ ತಿಂಗಳಲ್ಲಿ ಒಂದು ವಾರ ಕಳಸಕ್ಕೆ ಬಂದು, ಕರೆಂಟು ಹೋದ ಮನೆಯಲ್ಲಿ ಕೂತು, ತಾವೇ ಮಾಡಿದ್ದನ್ನು ತಾವೇ ಬಳಸಿ ನೋಡಬೇಕು. ಹಲಸಿನ ಹಪ್ಪಳ, ಬಿಸಿ ಕಾಫಿ ನಮ್ಮ ಖರ್ಚು. ವಾಪಸು ಹೋಗುವಾಗ ಅವರ ಆಪ್ ಅರ್ಧ ತೂಕ ಇಳಿಸಿಕೊಂಡಿರುತ್ತದೆ.

ಮೊನ್ನೆ ರೇಟು ಕುಸಿದ ದಿನ ರೈಟರು ಕಟ್ಟೆಯ ಹತ್ತಿರ ಬಂದು ನಿಂತರು. ‘ಅಣ್ಣಾ, ಆ ಕಪ್ಪು ಪರದೆ ಕಾಫಿ ರೇಟು ಹೇಳುತ್ತಾ?’ ಎಂದು ಕೇಳಿದರು. ಹುಡುಗ ಒಂದು ಸಾಲು ಹೊಡೆದ, ಒಂದು ಸಂಖ್ಯೆ ಬಂತು. ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್, ನಮ್ಮ ಚೀಲದ ಬೆಲೆ ಬರೆಯುವುದು ಅಲ್ಲಿ ಎಂದು ವಿವರಿಸಿದ. ರೈಟರು ಸಂಖ್ಯೆಯನ್ನು ಕಣ್ಣು ಕಿರಿದು ಮಾಡಿ ನೋಡಿ, ‘ರೀಸ್ಟಾರ್ಟ್ ಮಾಡಿದ್ರೆ ಎಲ್ಲ ಸರಿ ಹೋಗುತ್ತಲ್ಲ, ಅದನ್ನೂ ಒಂದ್ಸಲ ಮಾಡಿ ನೋಡಿ’ ಎಂದರು.

‘ಆ ಸರ್ವರಿನ ಪಾಸ್‌ವರ್ಡ್ ನನ್ನ ಹತ್ರ ಇಲ್ಲ ರೈಟ್ರೇ.’

‘ಹಂಗಾದ್ರೆ ನೀವು ನೋಡ್ಕೊಳ್ತಿರೋದು ಬರೀ ಆಪು’ ಎಂದು ಹೇಳಿ ರೈಟರು ಚೀಲ ಎಣಿಸಲು ಹೋದರು.